ಮಗ್ಗ ನಿಂತರೆ ಎಚ್ಚರ

‘ನೀನು ಮಲಗುವ ಜಾಗ ಶಾಂತವಾಗಿರುತ್ತದೆಯೇ? ಹೌದು / ಇಲ್ಲ.’

ಏಳನೇ ತರಗತಿಯ ಮಕ್ಕಳಿಗೆ ಕೊಟ್ಟಿದ್ದ ಆರೋಗ್ಯ ಅಭ್ಯಾಸಗಳ ಹಾಳೆಯಲ್ಲಿ ಇದೂ ಒಂದು ಪ್ರಶ್ನೆ. ಉಳಿದೆಲ್ಲದಕ್ಕೂ ಅಚ್ಚುಕಟ್ಟಾಗಿ ಟಿಕ್ ಹಾಕಿದ್ದ ಹುಡುಗಿ ಇದನ್ನು ಮಾತ್ರ ಖಾಲಿ ಬಿಟ್ಟಿದ್ದಳು. ಮಂಗಳವಾರ ಹಾಳೆಗಳನ್ನು ನೋಡುತ್ತ ಕೂತಿದ್ದಾಗ ಕರೆದು ಕೇಳಿದೆ.

“ಇದೊಂದು ಯಾಕಮ್ಮ ಬಿಟ್ಟೆ?”

“ಏನು ಹಾಕ್ಬೇಕು ಅಂತ ಗೊತ್ತಾಗ್ಲಿಲ್ಲ ಮಿಸ್.”

“ರಾತ್ರಿ ಮನೇಲಿ ಸದ್ದಿರತ್ತಾ, ಇರಲ್ವಾ?”

“ಮಗ್ಗ ಓಡ್ತಿರತ್ತೆ ಮಿಸ್.”

“ಹಂಗಾದ್ರೆ ನಿದ್ದೆ ಹೆಂಗೆ ಬರತ್ತೆ?”

“ನಿದ್ದೆ ಬರತ್ತೆ ಮಿಸ್. ಮಗ್ಗ ನಿಂತರೆ ಎಚ್ಚರ ಆಗತ್ತೆ.”

ಇಷ್ಟು ಹೇಳಿ ಹಾಳೆ ಇಸ್ಕೊಂಡು ಹೋಗಿ ಕೂತಳು. ದೂರು ಹೇಳುವ ಧ್ವನಿ ಅಲ್ಲ, ಬೇಸರವೂ ಇರಲಿಲ್ಲ. ಗಂಟೆ ಎಷ್ಟು ಅಂತ ಕೇಳಿದರೆ ಹೇಳುವ ಹಾಗೆ ಹೇಳಿದ್ದಳು. ಅವತ್ತಿಂದ ಆ ಮಾತು ನನ್ನ ತಲೆ ಬಿಟ್ಟು ಹೋಗಿಲ್ಲ.

ದೊಡ್ಡಬಳ್ಳಾಪುರದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮನೆಯ ಮುಂದಿನ ಅರ್ಧದಲ್ಲಿ ಎರಡೋ ಮೂರೋ ವಿದ್ಯುತ್ ಮಗ್ಗ, ಹಿಂದಿನ ಅರ್ಧದಲ್ಲಿ ಒಲೆ, ಪಾತ್ರೆ, ಹಾಸಿಗೆ, ಮಕ್ಕಳ ಪುಸ್ತಕ. ನಡುವೆ ಒಂದು ಗೋಡೆ ಇದ್ದರೆ ಇತ್ತು, ಇಲ್ಲದಿದ್ದರೆ ಹಳೇ ಸೀರೆಯ ಪರದೆ. ಅಡ್ಡನೂಲು ಒಯ್ಯುವ ಲಾಳಿ ಆ ಕಡೆಯಿಂದ ಈ ಕಡೆಗೆ ಬಡಿಯುವ ಸದ್ದಿನಲ್ಲಿ ಪಕ್ಕದಲ್ಲಿ ನಿಂತವರ ಮಾತೂ ಕೇಳಿಸುವುದಿಲ್ಲ. ಇಂಥ ಮಗ್ಗಗಳ ಕೋಣೆಯಲ್ಲಿ ಸದ್ದು 90 ಡೆಸಿಬಲ್ ದಾಟುವುದು ಮಾಮೂಲು. ವಸತಿ ಪ್ರದೇಶದಲ್ಲಿ ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ 45 ಡೆಸಿಬಲ್ ಮೀರಬಾರದು ಅಂತ 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮ ಹೇಳುತ್ತದೆ. ಮನೆಯೇ ಕಾರ್ಖಾನೆಯೂ ಆಗಿರುವ ಬೀದಿಯಲ್ಲಿ ಆ ನಿಯಮವನ್ನು ಹಿಡಿದುಕೊಂಡು ಯಾರ ಬಾಗಿಲು ತಟ್ಟೋದು?

ನಮ್ಮ ಮಕ್ಕಳು ಜೋರಾಗಿ ಮಾತಾಡುತ್ತಾರೆ. ಬೇರೆ ತಾಲ್ಲೂಕಿನಿಂದ ವರ್ಗವಾಗಿ ಬಂದ ಮೇಷ್ಟ್ರುಗಳಿಗೆ ಅದು ಒರಟುತನ ಅನ್ನಿಸುತ್ತದೆ, “ಮೆಲ್ಲಗೆ ಮಾತಾಡೋಕೆ ಕಲಿಸಿಲ್ವಾ ಮನೇಲಿ” ಅಂತ ಗದರುತ್ತಾರೆ. ಮಗ್ಗದ ಮೇಲೆ ದನಿ ಎತ್ತಿ ಅಮ್ಮನನ್ನು ಊಟಕ್ಕೆ ಕೇಳಬೇಕಾದ ಮಗು ಮೆಲ್ಲಗೆ ಮಾತಾಡೋದನ್ನು ಎಲ್ಲಿ ಕಲಿಯಬೇಕು? ಹಾಗೆ ಗದರುವವರ ಮೇಲೆ ನನಗೆ ಬರುವ ಸಿಟ್ಟು ಸಣ್ಣದಲ್ಲ.

ಮಧ್ಯಾಹ್ನದ ಊಟ ಆದಮೇಲೆ ಅವಳನ್ನು ಮತ್ತೆ ಕೂರಿಸಿಕೊಂಡೆ. ಮಗ್ಗ ನಿಂತರೆ ಯಾಕೆ ಎಚ್ಚರ ಆಗಬೇಕು ಅನ್ನೋದು ನನಗೆ ಬೇಕಿತ್ತು. ಬೆರಳು ಮಡಿಸುತ್ತ ಹೇಳಿದಳು. ಮಗ್ಗ ನಿಲ್ಲೋದು ಮೂರು ಕಾರಣಕ್ಕೆ. ಕರೆಂಟ್ ಹೋಗಿರುತ್ತದೆ, ಇಲ್ಲಾ ಕಂಡಿಕೆ (ಲಾಳಿಯೊಳಗಿನ ನೂಲು ಸುತ್ತಿದ ಕಡ್ಡಿ) ಮುಗಿದಿರುತ್ತದೆ, ಇಲ್ಲಾ ಎಳೆ ಕಡಿದಿರುತ್ತದೆ. ಕರೆಂಟ್ ಹೋದರೆ ಮತ್ತೆ ಮಲಗಬಹುದು. ಕಂಡಿಕೆ ಅಪ್ಪನೇ ಹಾಕಿಕೊಳ್ಳುತ್ತಾರೆ. ಎಳೆ ಕಡಿದಿದ್ದರೆ ಮಾತ್ರ ಕರೆಯುತ್ತಾರೆ.

“ಯಾಕೆ, ಅಪ್ಪಂಗೆ ಕಟ್ಟೋಕೆ ಬರಲ್ವಾ?”

“ಬರತ್ತೆ ಮಿಸ್. ಕಾಣಲ್ಲ. ನನ್ನ ಕಣ್ಣು ಚೆನ್ನಾಗಿದೆ ಅಂತಾರೆ.”

ಆ ಕೊನೆಯ ಮಾತಿನಲ್ಲಿ ಸ್ವಲ್ಪ ಹೆಮ್ಮೆಯಿತ್ತು. ಸಾವಿರಾರು ಎಳೆಗಳ ನಡುವೆ ಕಡಿದ ಒಂದನ್ನು ಅವಳು ಬೆರಳಿಂದ ಸವರಿ ಹಿಡಿಯುತ್ತಾಳೆ, ತುದಿಗೆ ಎಂಜಲು ಹಚ್ಚಿ ಹೊಸೆದು ಗಂಟು ಹಾಕುತ್ತಾಳೆ, ಹೋಗಿ ಮಲಗುತ್ತಾಳೆ. ಕೈಯಲ್ಲೇ ಮಾಡಿ ತೋರಿಸಿದಳು, ಮೇಜಿನ ಮೇಲೆ ಇಲ್ಲದ ಎಳೆಯನ್ನು ಹಿಡಿದು. ಹನ್ನೆರಡು ವರ್ಷದ ಬೆರಳುಗಳಿಗೆ ಅಷ್ಟು ಖಚಿತ ಇರುವುದನ್ನು ನೋಡಿದರೆ ಮೆಚ್ಚಬೇಕೋ ಮರುಗಬೇಕೋ ತಿಳಿಯುವುದಿಲ್ಲ.

ಆರರಿಂದ ಹನ್ನೆರಡು ವರ್ಷದವರಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು, ಹದಿಮೂರು ದಾಟಿದವರಿಗೆ 8ರಿಂದ 10 ಗಂಟೆ. ಇದನ್ನು ಚಾರ್ಟಿನಲ್ಲಿ ಬರೆದು ಗೋಡೆಗೆ ಅಂಟಿಸಿದ್ದೇವೆ. ಆದರೆ ಇವಳು ಮಲಗಿದಾಗಲೂ ಒಂದು ಕಿವಿ ಕೆಲಸದ ಮೇಲೇ ಇರುತ್ತದೆ. ಸದ್ದಿಗೆ ಒಗ್ಗಿಹೋಗಿದ್ದಾರೆ ಬಿಡಿ ಅನ್ನುವವರಿಗೆ ಒಂದು ಮಾತು ಹೇಳಬೇಕು. ಮನಸ್ಸು ಒಗ್ಗಿದರೂ ದೇಹ ಪೂರ್ತಿ ಒಗ್ಗುವುದಿಲ್ಲ. ಎಚ್ಚರವಾಗದೆಯೂ ಎದೆಬಡಿತ ಏರುತ್ತದೆ, ಗಾಢನಿದ್ದೆ ತೆಳುವಾಗುತ್ತದೆ. ಎರಡನೇ ಪೀರಿಯಡ್ಡಿನಲ್ಲಿ ತೂಕಡಿಸುವ ಮಕ್ಕಳನ್ನು ಸೋಮಾರಿ ಅಂತ ನಿಲ್ಲಿಸುವ ಮೊದಲು ಇದು ನಮಗೆ ಗೊತ್ತಿರಬೇಕು.

ಇನ್ನು ಆ ಹಾಳೆಯ ವಿಷಯ. ಶಾಲಾ ಆರೋಗ್ಯ ಮತ್ತು ಕ್ಷೇಮ ಕಾರ್ಯಕ್ರಮ 2020ರಲ್ಲಿ ಶುರುವಾದದ್ದು. ಪ್ರತಿ ಶಾಲೆಯಲ್ಲಿ ಇಬ್ಬರು ಶಿಕ್ಷಕರು ಆರೋಗ್ಯ ರಾಯಭಾರಿಗಳು, ಮಾತಾಡಬೇಕಾದ ವಿಷಯಗಳು 11. ಊಟ, ನೈರ್ಮಲ್ಯ, ಮನಸ್ಸಿನ ಆರೋಗ್ಯ, ದುಶ್ಚಟ, ಇಂಟರ್ನೆಟ್ ಬಳಕೆ ಎಲ್ಲ ಸೇರುತ್ತವೆ. ನಮ್ಮ ಶಾಲೆಯ ಇಬ್ಬರಲ್ಲಿ ನಾನೊಬ್ಬಳು. ಈ ಕೆಲಸ ನನಗೆ ನಿಜವಾಗಿಯೂ ಇಷ್ಟ. ಸಂಭ್ರಮ ಶನಿವಾರ ಮಕ್ಕಳು ಬ್ಯಾಗಿಲ್ಲದೆ ಬಂದಾಗ ಹಾಳೆ ಹಂಚಿದ್ದೆವು. ತುಂಬಿ ಬಂದದ್ದನ್ನು ನೋಡಿದರೆ ಇಡೀ ತರಗತಿ ಬೆಳಗ್ಗೆ ಐದಕ್ಕೆ ಏಳುತ್ತಿತ್ತು, ಎರಡು ಹೊತ್ತು ಹಲ್ಲುಜ್ಜುತ್ತಿತ್ತು, ಹಸಿರು ಸೊಪ್ಪು ತಿನ್ನುತ್ತಿತ್ತು. ಪರೀಕ್ಷೆಯಲ್ಲಿ ಬರೆಯುವ ಉತ್ತರ ಅದು. ಹೌದು–ಇಲ್ಲ ಅಂತ ಕೇಳಿದರೆ ನಮ್ಮ ಮಕ್ಕಳಿಗೆ ಸರಿಯುತ್ತರ ಯಾವುದು ಅಂತ ಚೆನ್ನಾಗಿ ಗೊತ್ತು. ಆ ಹುಡುಗಿ ಬಿಟ್ಟ ಒಂದು ಖಾಲಿ ಜಾಗವೇ ಆ ಕಟ್ಟಿನಲ್ಲಿದ್ದ ಪ್ರಾಮಾಣಿಕ ಉತ್ತರ.

ಬುಧವಾರ ಹಾಳೆ ಪಕ್ಕಕ್ಕಿಟ್ಟು ಬರೇ ನಿನ್ನೆಯ ಬಗ್ಗೆ ಕೇಳಿದೆ. ನಿನ್ನೆ ಬೆಳಗ್ಗೆ ಬಾಯಿಗೆ ಮೊದಲು ಏನು ಹಾಕಿದೆ? ಶಾಲೆ ಬಿಟ್ಟ ಮೇಲೆ ಎಲ್ಲಿಗೆ ಹೋದೆ, ಮನೆಯಲ್ಲಿ ಯಾರಿದ್ದರು? ರಾತ್ರಿ ಯಾರ ಜೊತೆ ಉಂಡೆ? ಹೆಸರು ಬರೆಯಬೇಡಿ ಅಂದೆ. ಆಮೇಲೆ ಬಂದದ್ದು ಬೇರೆಯೇ. ಬೆಳಗ್ಗೆ ಟೀ, ಬನ್. ಬೆಳಗ್ಗೆ ಬರೀ ಟೀ. ಅಮ್ಮ ಗಾರ್ಮೆಂಟ್ಸ್‌ನಿಂದ ಬರೋವರೆಗೆ ಮನೆಗೆ ಬೀಗ, ಅದಕ್ಕೆ ಅಂಗಡಿ ಹತ್ತಿರ ಕೂತು ಐದು ರೂಪಾಯಿ ಪ್ಯಾಕೆಟ್ ತಿಂದೆ. ರಾತ್ರಿ ಅನ್ನ ಸಾರು, ಫೋನ್ ನೋಡ್ತಾ ತಿಂದೆ, ಎಷ್ಟು ತಿಂದೆ ಗೊತ್ತಿಲ್ಲ. ಒಬ್ಬರು ಬರೆದಿದ್ದರು: ಎಲ್ಲರದೂ ಆದಮೇಲೆ ನಾನು ಅಮ್ಮ ತಿಂದ್ವಿ, ಸಾರು ಇರಲಿಲ್ಲ, ಉಪ್ಪಿನಕಾಯಿ.

ಜಂಕ್ ಫುಡ್ ತಿನ್ನಬೇಡಿ ಅಂತ ಭಾಷಣ ಮಾಡಲು ಬರುವ ಅತಿಥಿಗಳಿಗೆ ಆ ಬೀಗದ ವಿಷಯ ಗೊತ್ತಿರುವುದಿಲ್ಲ. ಐದು ರೂಪಾಯಿಗೆ, ಒಲೆ ಹಚ್ಚದೆ, ತಟ್ಟೆ ಇಲ್ಲದೆ, ಬೀದಿಯಲ್ಲಿ ಕೂತು ತಿನ್ನಬಹುದಾದದ್ದು ಆ ಮಗುವಿಗೆ ಇನ್ನೇನು ಸಿಗುತ್ತದೆ? ಬೆಳಗ್ಗೆ ಬರೀ ಟೀ ಕುಡಿದು ಬರುವ ಮಕ್ಕಳಿಗೆ ಶಾಲೆಯ ಹಾಲೇ ದಿನದ ಮೊದಲ ಆಹಾರ. ಕ್ಷೀರಭಾಗ್ಯ ಬಂದ 2013ರಿಂದ ದೊಡ್ಡ ಪಾತ್ರೆಯಲ್ಲಿ ಹಾಲು ಕಾಯಿಸುವುದನ್ನು ನೋಡುತ್ತಿದ್ದೇನೆ, ಮಗುವಿಗೆ 150 ಮಿಲಿಲೀಟರ್. 2024ರಲ್ಲಿ ವಾರಕ್ಕೆ ಮೂರು ದಿನ ಅದರಲ್ಲಿ ರಾಗಿ ಮಾಲ್ಟ್ ಸೇರಿತು. ಇದನ್ನು ಓಟಿನ ಲೆಕ್ಕ ಅಂತ ಹೀಯಾಳಿಸುವವರು ಒಂದು ದಿನ ಪ್ರಾರ್ಥನೆ ಮುಗಿಯುವ ಹೊತ್ತಿಗೆ ಬಂದು, ಲೋಟ ಹಿಡಿದು ನಿಂತವರ ಮುಖ ನೋಡಬೇಕು.

ಗುರುವಾರ ಕರಿಹಲಗೆಯ ಮೇಲೆ ಮೂರು ಪಟ್ಟಿ ಎಳೆದೆ. ನನ್ನ ಕೈಲಿರೋದು, ಮನೆಯವರ ಕೈಲಿರೋದು, ಶಾಲೆಯ ಕೈಲಿರೋದು. ನಿನ್ನೆಯ ಉತ್ತರಗಳನ್ನು ಒಂದೊಂದಾಗಿ ಓದಿದೆ, ಎಲ್ಲಿ ಬರೆಯಬೇಕು ಅನ್ನೋದನ್ನು ಅವರೇ ತೀರ್ಮಾನಿಸಿದರು. ಜಗಳವಾಡಿದರು, ಎದ್ದು ನಿಂತು ವಾದಿಸಿದರು. ಟೀ ಯಾರ ಕೈಲಿದೆ ಅನ್ನೋದಕ್ಕೇ ಬಹಳ ಹೊತ್ತು ಹೋಯಿತು. “ಅಮ್ಮ ಕೊಡೋದು, ಅಮ್ಮನ ಪಟ್ಟಿ” ಅಂತ ಒಂದು ಗುಂಪು. “ಕೊಟ್ಟಿದ್ದೆಲ್ಲ ಕುಡೀಬೇಕು ಅಂತ ಇದ್ಯಾ?” ಅಂತ ಇನ್ನೊಂದು. ಊಟದ ಜೊತೆ ಟೀ ಕುಡಿದರೆ ಆಹಾರದಲ್ಲಿನ ಕಬ್ಬಿಣದ ಅಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ ಅಂತ ಆಗ ಹೇಳಿದೆ. ವಾರ ವಾರ ಕೊಡುವ ಕಬ್ಬಿಣದ ಮಾತ್ರೆಗೂ ಈ ಟೀಗೂ ಏನು ಸಂಬಂಧ ಅನ್ನೋದು ಆಗ ಅವರಿಗೆ ಹೊಳೆಯಿತು. ದೇಶದಲ್ಲಿ 15ರಿಂದ 19ರ ಹೆಣ್ಣುಮಕ್ಕಳಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ ಇದೆ ಅಂತ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದ್ದನ್ನು ಹಲಗೆಯ ಮೂಲೆಯಲ್ಲಿ ಬರೆದೆ. ಹಿಂದಿನ ಬೆಂಚಿನ ಹುಡುಗಿಯರು ಸುಮ್ಮನೆ ಒಬ್ಬರನ್ನೊಬ್ಬರು ಎಣಿಸಿಕೊಂಡರು.

ಬರಿಗಾಲಲ್ಲಿ ಓಡಾಡುವುದನ್ನು ಯಾವ ಚರ್ಚೆಯೂ ಇಲ್ಲದೆ ‘ನನ್ನ ಕೈಲಿ’ ಪಟ್ಟಿಗೆ ಹಾಕಿದರು. ಕೊಕ್ಕೆಹುಳು ಪಾದದ ಚರ್ಮದಿಂದಲೇ ಒಳಗೆ ಹೋಗುತ್ತದೆ, ಕರುಳಿನಲ್ಲಿ ಕೂತು ರಕ್ತ ಹೀರುತ್ತದೆ, ಫೆಬ್ರವರಿ ಮತ್ತು ಆಗಸ್ಟ್‌ನಲ್ಲಿ ಚೀಪಿಸುವ ಜಂತುಹುಳುವಿನ ಮಾತ್ರೆ ಇದಕ್ಕೇ ಅಂದಾಗ ಬೆಂಚಿನ ಕೆಳಗೆ ಕಾಲು ಸರಿದಾಡಿದ್ದು ಕೇಳಿಸಿತು.

ಕೊನೆಗೆ ನೋಡಿದರೆ ಶಾಲೆಯ ಪಟ್ಟಿಯೇ ಎಲ್ಲಕ್ಕಿಂತ ಉದ್ದವಾಗಿತ್ತು. ಹುಡುಗಿಯರ ಶೌಚಾಲಯಕ್ಕೆ ಒಳಚಿಲಕ ಇಲ್ಲ, ಅದಕ್ಕೇ ನೀರು ಕುಡಿಯೋದಿಲ್ಲ. 2019ರಲ್ಲಿ ಕೇರಳ ನೋಡಿ ನಮ್ಮಲ್ಲೂ ಮಕ್ಕಳಿಗೆ ನೀರು ಕುಡಿಯಲು ನೆನಪಿಸುವ ನೀರಿನ ಗಂಟೆ ಹೊಡೆಯಬೇಕು ಅಂತ ಮಾತು ಬಂದಿತ್ತು. ಚಿಲಕ ಇಲ್ಲದ ಕಡೆ ಎಷ್ಟು ಗಂಟೆ ಹೊಡೆದರೂ ಬಾಟಲಿ ತುಂಬಿದ್ದು ತುಂಬಿದಂತೆಯೇ ಮನೆಗೆ ಹೋಗುತ್ತದೆ. ಕೈ ತೊಳೆಯುವ ಜಾಗದಲ್ಲಿ ಸೋಪಿಲ್ಲ. ಆಮೇಲೆ ಒಬ್ಬ ಹುಡುಗ, ಮೂಲೆಯಲ್ಲಿ ಕೂರುವವನು, ಎದ್ದು ನಿಂತ.

“ಮಿಸ್, ಆಟದ ಪೀರಿಯಡ್‌ನಲ್ಲಿ ಲೆಕ್ಕ ಮಾಡ್ಸೋದು ಯಾರ ಅಭ್ಯಾಸ?”

ತರಗತಿ ನಕ್ಕಿತು. ಅವನು ನಗಲಿಲ್ಲ, ಉತ್ತರಕ್ಕೆ ಕಾಯುತ್ತಿದ್ದ. ಐದರಿಂದ ಹದಿನೇಳು ವರ್ಷದ ಮಕ್ಕಳು ದಿನಕ್ಕೆ 60 ನಿಮಿಷ ಮೈಬೆವರುವಂತೆ ಆಡಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಇದೇ ಮಕ್ಕಳಿಗೆ ಅದನ್ನು ಬರೆಸಿದ್ದೂ ನಾವೇ. ಆಟದ ಪೀರಿಯಡ್ ತೆಗೆದುಕೊಳ್ಳುವ ಲೆಕ್ಕದ ಮೇಷ್ಟ್ರು ಒಳ್ಳೆಯವರು, ಸಂಜೆ ಐದರವರೆಗೆ ಕೂತು ಹೇಳಿಕೊಡುವವರು. ಅವರ ಮೇಲೆ ನನಗೆ ಗೌರವವಿದೆ. ಆದರೂ ಆ ಸಾಲನ್ನು ಶಾಲೆಯ ಪಟ್ಟಿಯಲ್ಲಿ ದೊಡ್ಡ ಅಕ್ಷರದಲ್ಲೇ ಬರೆದೆ.

ಅದೇ ಸಂಜೆ ಹುಡುಗಿಯ ತಂದೆ ಬಂದರು, ನಾನೇ ಹೇಳಿಕಳಿಸಿದ್ದೆ. ಅಂಗಿಯ ಮೇಲೆಲ್ಲ ನೂಲಿನ ಧೂಳು. ರಾತ್ರಿ ಮಗುವನ್ನು ಎಬ್ಬಿಸಬಾರದು ಅಂತ ನೇರವಾಗಿ ಹೇಳಿದೆ. ಮುಖ ಕೆಳಗೆ ಹಾಕಿದರು. “ನಂಗೇನು ಆಸೇನಾ ಮೇಡಂ? ರಾತ್ರಿ ಹೊತ್ತು ಎಳೆ ಕಣ್ಣಿಗೆ ಕಟ್ಟಲ್ಲ. ನಿಂತಿರೋ ಮಗ್ಗ ಕೂಲಿ ಕೊಡಲ್ಲ.” ಎಷ್ಟು ವರ್ಷ ನಿಮಗೆ ಅಂದೆ. ನಲವತ್ತಾಲ್ಕು. ಕಣ್ಣು ಪರೀಕ್ಷೆ? ಯಾವತ್ತೂ ಇಲ್ಲ. ನನ್ನ ಕನ್ನಡಕ ತೆಗೆದು ಕೊಟ್ಟೆ. ಹಾಕಿಕೊಂಡು ಮೊದಲು ತಮ್ಮ ಅಂಗೈ ನೋಡಿಕೊಂಡರು, ಆಮೇಲೆ ತೋಳಿಗೆ ಅಂಟಿದ್ದ ಒಂದು ನೂಲನ್ನು ಎತ್ತಿ ಬೆಳಕಿಗೆ ಹಿಡಿದರು. “ಎರಡೆಳೆ ಹುರಿ ಇದು” ಅಂದರು.

ನಲವತ್ತರ ಮೇಲೆ ಹತ್ತಿರದ್ದು ಮಸುಕಾಗುವುದು ಎಲ್ಲರಿಗೂ ಬರುವಂಥದ್ದು, ಅದಕ್ಕೆ ಬೇಕಾದ ಕನ್ನಡಕ ಕೆಲವು ನೂರು ರೂಪಾಯಿಯ ಮಾತು. ಒಂದು ಮಗು ಎಷ್ಟೋ ಕಾಲದಿಂದ ಅಪ್ಪನ ಕಣ್ಣಾಗಿ ಅರ್ಧ ನಿದ್ದೆ ಮಲಗುತ್ತಿತ್ತು. ನಾವು ಅವಳಿಗೆ ಬೇಗ ಮಲಗಿ ಬೇಗ ಏಳು ಅಂತ ಬೋಧಿಸುತ್ತಿದ್ದೆವು. ಸರ್ಕಾರಿ ಆಸ್ಪತ್ರೆಯಲ್ಲಿ ಕಣ್ಣು ನೋಡುವ ದಿನ ವಿಚಾರಿಸಿ ಹೇಳಿದ್ದೇನೆ, ಹೋಗುತ್ತೇನೆ ಅಂದಿದ್ದಾರೆ. ಸದ್ದು ಹಾಗೇ ಇರುತ್ತದೆ. ಅದಕ್ಕೆ ನನ್ನ ಹತ್ತಿರ ಉತ್ತರವಿಲ್ಲ. ಮನೆ ಬೇರೆ ಮಗ್ಗ ಬೇರೆ ಮಾಡಿಕೊಳ್ಳುವಷ್ಟು ಜಾಗವಾಗಲಿ ಕೂಲಿಯಾಗಲಿ ಆ ಬೀದಿಯವರಿಗೆ ಇಲ್ಲ.

ಶುಕ್ರವಾರ ಮಕ್ಕಳು ತಮ್ಮ ಕೈಲಿರುವುದರಲ್ಲಿ ಒಂದೇ ಒಂದನ್ನು ಆರಿಸಿಕೊಂಡರು. ಆ ಹುಡುಗಿ ಬರೆದದ್ದು, ರಾತ್ರಿ ಒಂಬತ್ತರ ಟೀ ಬಿಡುತ್ತೇನೆ ಅಂತ. ಆಟದ ಪ್ರಶ್ನೆ ಕೇಳಿದ ಹುಡುಗ, ಊಟ ಮಾಡುವಾಗ ಫೋನ್ ಗೂಡಿನಲ್ಲಿ ಇಡುತ್ತೇನೆ ಅಂತ. ಹಾಳೆ ನೋಡಲು ಬಂದ ಅಧಿಕಾರಿಗಳು “ಶೇಕಡಾವಾರು ಸುಧಾರಣೆ ಎಷ್ಟು ಅಂತ ಬರೆದುಕೊಡಿ” ಅಂದರು. ಟಿಕ್ ಹಾಕಿದ ಹಾಳೆಗಳ ಪ್ರಕಾರ ಮೊದಲೇ ನೂರಕ್ಕೆ ನೂರು ಇತ್ತು ಸರ್ ಅಂತ ಅವರಿಗೆ ಹೇಳಿ, ಕರಿಹಲಗೆ ತೋರಿಸಿದೆ. ಮೂರನೇ ಪಟ್ಟಿಯ ಹತ್ತಿರ ಸ್ವಲ್ಪ ಹೊತ್ತು ನಿಂತರು.

ಆ ಹಲಗೆಯನ್ನು ಒರೆಸಬೇಡಿ ಅಂದಿದ್ದೇನೆ. ಸೋಮವಾರ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆ ಅದೇ ಕೋಣೆಯಲ್ಲಿ ನಡೆಯಲಿ ಅಂತ ಮುಖ್ಯ ಶಿಕ್ಷಕರನ್ನು ಕೇಳಿಕೊಂಡೆ, ಒಪ್ಪಿದ್ದಾರೆ. ಚಿಲಕ ಹಾಕಿಸಲು ಒಬ್ಬ ಪೋಷಕರು, ಬಡಗಿ ಅವರು, ಆಗಲೇ ಅಳತೆ ತೆಗೆದುಕೊಂಡು ಹೋಗಿದ್ದಾರೆ. ಲೆಕ್ಕದ ಮೇಷ್ಟ್ರು ಗುರುವಾರದ ಆಟದ ಪೀರಿಯಡ್ ಬಿಟ್ಟುಕೊಡುತ್ತೇನೆ ಅಂದರು. ಮಂಗಳವಾರದ್ದನ್ನೂ ಕೇಳುವುದಿದೆ.