ಎಲ್ಲಾ ನಾವೇ ಮಾಡ್ಕೊಳ್ಳೋದಾದ್ರೆ ಅವರು ಮಾರಿದ್ದು ಏನನ್ನ?

ಬೆಂಗಳೂರಿನಲ್ಲಿ ವಾರದ ಕೊನೆಗೆ ಗೆಳೆಯರನ್ನು ಸೇರಿಸಿಕೊಂಡು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡಿಸುತ್ತೇನೆ. ಹೊಸದಾಗಿ ಬಂದವರು ಸ್ವಲ್ಪ ಹೊತ್ತು ಸುಮ್ನೆ ನೋಡುತ್ತಾರೆ. ಬೋರ್ಡ್ ಇಲ್ಲ, ಗೆದ್ದವರು ಸೋತವರು ಅಂತ ಇಲ್ಲ. ಒಬ್ಬರು ಕಥೆ ಹೇಳುತ್ತಾರೆ, ಉಳಿದವರು ತಮ್ಮ ತಮ್ಮ ಪಾತ್ರ ಏನು ಮಾಡುತ್ತದೆ ಅಂತ ಹೇಳುತ್ತಾರೆ. ಆಗುತ್ತದೋ ಇಲ್ಲವೋ ಅನ್ನುವ ಕಡೆ ದಾಳ ಹಾಕುತ್ತಾರೆ, ಅಷ್ಟೇ. ಆಮೇಲೆ ಪ್ರಶ್ನೆ ಬರುತ್ತದೆ: "ಎಲ್ಲಾ ನಾವೇ ಮಾಡ್ಕೊಳ್ಳೋದಾದ್ರೆ ಇವರು ಮಾರೋದು ಏನನ್ನ? ಮೊದಲು ಇದನ್ನ ದುಡ್ಡು ಕೊಟ್ಟು ಯಾರು ತಗೊಂಡ್ರು?"

ಒಳ್ಳೆಯ ಪ್ರಶ್ನೆ. ಈ ಆಟವನ್ನು ಮೊದಲು ಅಚ್ಚು ಹಾಕಿಸಿದವರಿಗೂ ಇದಕ್ಕೆ ಸರಿಯಾದ ಉತ್ತರ ಗೊತ್ತಿರಲಿಲ್ಲ. ಅವರ ಮೊದಲ ಹತ್ತು ವರ್ಷದ ಜಗಳ, ಕೋರ್ಟು, ಲಾಭ, ನಷ್ಟದಲ್ಲಿ ಬಹಳಷ್ಟು ಹುಟ್ಟಿದ್ದು ಇಲ್ಲಿಂದಲೇ ಅಂತ ನನ್ನ ಲೆಕ್ಕ.

ಜಾಗ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರು. ಗ್ಯಾರಿ ಗೈಗ್ಯಾಕ್ಸ್ ಅಲ್ಲಿಂದ ಷಿಕಾಗೋದ ಒಂದು ವಿಮಾ ಕಂಪನಿಗೆ ಕೆಲಸಕ್ಕೆ ಹೋಗುತ್ತಿದ್ದವರು. 1970ರಲ್ಲಿ ಆ ಕೆಲಸ ಹೋಯಿತು. ಆಮೇಲೆ ಮನೆಯಲ್ಲೇ ಚಪ್ಪಲಿ, ಬೂಟು ರಿಪೇರಿ ಮಾಡಿಕೊಂಡು ಸಂಸಾರ ನಡೆಸಿದರು. ಬಿಡುವಿನಲ್ಲಿ ಪುಟ್ಟ ಸೈನಿಕರ ಬೊಂಬೆಗಳನ್ನು ಮೇಜಿನ ಮೇಲಿಟ್ಟು ಆಡುವ ಯುದ್ಧದ ಆಟಗಳಿಗೆ ನಿಯಮ ಬರೆಯುತ್ತಿದ್ದರು. ಅತ್ತ ಮಿನ್ನೆಸೋಟಾದಲ್ಲಿ ಡೇವ್ ಆರ್ನೆಸನ್ ತನ್ನ ಗೆಳೆಯರಿಗೆ ಬೇರೆಯದೇ ಒಂದು ಆಟ ಆಡಿಸುತ್ತಿದ್ದರು. ಅದರಲ್ಲಿ ಒಬ್ಬೊಬ್ಬರಿಗೂ ಸೈನ್ಯದ ಬದಲು ಒಂದೊಂದೇ ಪಾತ್ರ. ಕೋಟೆಯ ಕೆಳಗಿನ ನೆಲಮಾಳಿಗೆಗೆ ಇಳಿಯುವುದು, ಅಲ್ಲಿ ಏನಿದೆ ಅಂತ ಹುಡುಕುವುದು. ಆಟ ಮುಗಿದರೂ ಪಾತ್ರ ಮುಗಿಯುವುದಿಲ್ಲ, ಮುಂದಿನ ವಾರ ಅಲ್ಲಿಂದಲೇ ಶುರು.

ತೊಂದರೆ ಏನೆಂದರೆ, ಆರ್ನೆಸನ್ ಆಟದ ಬಹುಪಾಲು ಇದ್ದದ್ದು ಅವರ ತಲೆಯಲ್ಲಿ. ಕೈಬರಹದ ಒಂದಷ್ಟು ಹಾಳೆಗಳನ್ನು ಅವರು ಗೈಗ್ಯಾಕ್ಸ್‌ಗೆ ಕಳಿಸಿದರು. ಅದನ್ನಿಟ್ಟುಕೊಂಡು ಗೈಗ್ಯಾಕ್ಸ್ ಕೂತು ಟೈಪ್ ಮಾಡಿದರು, ಬೆಳೆಸಿದರು, ತನ್ನ ಹಳೆಯ ನಿಯಮಗಳನ್ನು ಸೇರಿಸಿದರು. ಇದರಲ್ಲಿ ಯಾರ ಪಾಲು ಎಷ್ಟು? ಇವತ್ತಿಗೂ ಅಭಿಮಾನಿಗಳು ಇದಕ್ಕೆ ಕಿತ್ತಾಡುತ್ತಾರೆ. ನನಗೆ ಅನ್ನಿಸುವುದು ಇಷ್ಟು: ಒಬ್ಬರಿಗೆ ಆಡಿಸುವುದು ಗೊತ್ತಿತ್ತು, ಇನ್ನೊಬ್ಬರಿಗೆ ಬರೆದು ಮುಗಿಸುವುದು ಗೊತ್ತಿತ್ತು. ಎರಡನೆಯ ಗುಣಕ್ಕೆ ನಾವು ಕೊಡುವ ಬೆಲೆ ಯಾವಾಗಲೂ ಕಡಿಮೆ.

ಆಗಿನ ದೊಡ್ಡ ಆಟದ ಕಂಪನಿ ಅವಲಾನ್ ಹಿಲ್‌ಗೆ ಇದು ಬೇಕಾಗಲಿಲ್ಲ. ಗೆಲುವೇ ಇಲ್ಲದ ಆಟವನ್ನು ಯಾವ ಅಂಗಡಿಯಲ್ಲಿ ಮಾರುವುದು ಅಲ್ವಾ? ಹಾಗಾಗಿ 1973ರಲ್ಲಿ ಗೈಗ್ಯಾಕ್ಸ್ ಬಾಲ್ಯದ ಗೆಳೆಯ ಡಾನ್ ಕೇ ಜೊತೆ ಸೇರಿ ಸ್ವಂತ ಕಂಪನಿ ತೆರೆದರು. ಹೆಸರು ಟ್ಯಾಕ್ಟಿಕಲ್ ಸ್ಟಡೀಸ್ ರೂಲ್ಸ್, ಚಿಕ್ಕದಾಗಿ ಟಿಎಸ್‌ಆರ್. ಕೇ ತನ್ನ ಜೀವವಿಮೆಯ ಮೇಲೆ ಸಾಲ ತೆಗೆದು ಸಾವಿರ ಡಾಲರ್ ಹಾಕಿದರು. ಮೊದಲು ಇಂಗ್ಲೆಂಡಿನ ಅಂತರ್ಯುದ್ಧದ ಬಗ್ಗೆ ಒಂದು ಪುಟ್ಟ ನಿಯಮದ ಪುಸ್ತಕ ತಂದರು. ಅದರ ಲಾಭದಲ್ಲಿ ದೊಡ್ಡ ಆಟ ಅಚ್ಚು ಹಾಕಿಸುವ ಯೋಜನೆ. ಲಾಭ ಅಷ್ಟೇನೂ ಬರಲಿಲ್ಲ. ಕೊನೆಗೆ ಬ್ರಯಾನ್ ಬ್ಲೂಮ್ ಎಂಬ ಮೂರನೆಯವರು 2,000 ಡಾಲರ್ ತಂದು ಪಾಲುದಾರರಾದರು. 1974ರ ಜನವರಿಯಲ್ಲಿ ಸಾವಿರ ಪೆಟ್ಟಿಗೆ ತಯಾರಾದವು. ಮರದ ಬಣ್ಣದ ರಟ್ಟಿನ ಡಬ್ಬಿ, ಒಳಗೆ ಮೂರು ತೆಳು ಪುಸ್ತಕ, ಬೆಲೆ ಹತ್ತು ಡಾಲರ್. ಡಬ್ಬಿ ಜೋಡಿಸಿದ್ದು, ಲೇಬಲ್ ಅಂಟಿಸಿದ್ದು ಎಲ್ಲಾ ಮನೆಯಲ್ಲೇ, ಕೈಯಲ್ಲೇ. ಸಾವಿರ ಡಬ್ಬಿ ಖರ್ಚಾಗುವುದಕ್ಕೆ ಹತ್ತಿರ ಹತ್ತಿರ ಒಂದು ವರ್ಷ ಹಿಡಿಯಿತು.

ಇನ್ನು ಡಬ್ಬಿಯೊಳಗೆ ಏನಿರಲಿಲ್ಲ ಅನ್ನುವುದನ್ನು ನೋಡಿ. ದಾಳ ಇರಲಿಲ್ಲ! ಆಟಕ್ಕೆ ನಾಲ್ಕು, ಎಂಟು, ಹನ್ನೆರಡು, ಇಪ್ಪತ್ತು ಮುಖದ ದಾಳ ಬೇಕು. ಅಂಥವು ಆಗ ಶಾಲೆಗಳಿಗೆ ಗಣಿತದ ಸಾಮಾನು ಮಾರುವ ಕಂಪನಿಯ ಕ್ಯಾಟಲಾಗಿನಲ್ಲಿ ಸಿಗುತ್ತಿದ್ದವು. ಟಿಎಸ್‌ಆರ್ ಅಲ್ಲಿಂದ ತರಿಸಿ ಬೇರೆಯಾಗಿ ಮಾರಿತು. ನಿಯಮಗಳೂ ಪೂರ್ತಿ ಇರಲಿಲ್ಲ. ಹೊಡೆದಾಟಕ್ಕೆ ಗೈಗ್ಯಾಕ್ಸ್ ಮತ್ತೊಬ್ಬರ ಜೊತೆ ಬರೆದಿದ್ದ ಹಳೆಯ ನಿಯಮದ ಪುಸ್ತಕವನ್ನು ನೋಡಿಕೊಳ್ಳಬೇಕಿತ್ತು. ಕಾಡು ಸುತ್ತುವುದಕ್ಕೆ ಔಟ್‌ಡೋರ್ ಸರ್ವೈವಲ್ ಎಂಬ ಬೇರೆ ಆಟದ ನಕ್ಷೆ ತಗೊಳ್ಳಿ ಅಂತ ಬರೆದಿತ್ತು. ಆ ಆಟದ ಪ್ರಕಾಶಕರು ಯಾರು ಗೊತ್ತಾ? ಇವರನ್ನು ಬೇಡ ಅಂದ ಅದೇ ಅವಲಾನ್ ಹಿಲ್.

ನನಗೆ ಎಲ್ಲಕ್ಕಿಂತ ಇಷ್ಟವಾಗುವುದು ಮೂರನೆಯ ಪುಸ್ತಕದ ಕೊನೆಯ ಮಾತು. ಏನಾದರೂ ಅನುಮಾನ ಇದ್ದರೆ ನಮಗೆ ಬರೆಯಿರಿ, ಆದರೆ ನಿಮ್ಮ ಕಲ್ಪನೆಯ ಕೆಲಸವನ್ನು ನಾವ್ಯಾಕೆ ಇನ್ನಷ್ಟು ಮಾಡಿಕೊಡಬೇಕು, ನೀವೇ ಮಾಡಿಕೊಳ್ಳಿ ಅನ್ನುವ ಅರ್ಥದ ಸಾಲುಗಳು. ಓದುವುದಕ್ಕೆ ಚೆಂದ. ವ್ಯಾಪಾರಕ್ಕೆ? ಸಾರಿನ ಪುಡಿ ಮಾರುವವರು ಡಬ್ಬಿಯೊಳಗೆ ಪುಡಿ ಮಾಡುವ ವಿಧಾನವನ್ನೂ ಬರೆದಿಟ್ಟು, ಇನ್ನು ಮುಂದೆ ಮನೆಯಲ್ಲೇ ಹುರಿದುಕೊಳ್ಳಿ ಅಂದ ಹಾಗಾಯಿತು.

ಜನ ಹುರಿದುಕೊಂಡೇ ಬಿಟ್ಟರು. ಹತ್ತು ಡಾಲರ್ ಜಾಸ್ತಿ ಅನ್ನಿಸಿದವರು ಜೆರಾಕ್ಸ್ ಮಾಡಿಸಿದರು. ಅರಿಜೋನಾದ ಫೀನಿಕ್ಸ್ ಊರಿನ ಕೆನ್ ಸೇಂಟ್ ಆಂಡ್ರೆ ಗೆಳೆಯನ ಮನೆಯಲ್ಲಿ ಈ ಪುಸ್ತಕ ಓದಿದರು. ಐಡಿಯಾ ಹಿಡಿಸಿತು, ನಿಯಮ ತಲೆಗೆ ಹೋಗಲಿಲ್ಲ. ತಾನೇ ಬರೆದರು. ವಿಚಿತ್ರ ದಾಳಗಳ ಗೋಜೇ ಬೇಡ ಅಂತ ಮಾಮೂಲಿ ಆರು ಮುಖದ ದಾಳದಲ್ಲೇ ಆಟ ಮುಗಿಸಿದರು. 1975ರಲ್ಲಿ ನೂರು ಪ್ರತಿ ಅಚ್ಚು ಹಾಕಿಸಿದರು. ಅದೇ ಟನಲ್ಸ್ ಅಂಡ್ ಟ್ರೋಲ್ಸ್. ಫ್ಲೈಯಿಂಗ್ ಬಫೆಲೊ ಎಂಬ ಕಂಪನಿ ಅದನ್ನು ಕೈಗೆತ್ತಿಕೊಂಡಿತು. ಮರುವರ್ಷ ಒಬ್ಬರೇ ಕೂತು ಆಡಬಹುದಾದ ಸಾಹಸದ ಪುಸ್ತಕವನ್ನೂ ತಂದಿತು. ಆಡಿಸುವವರು ಸಿಗದ ಊರಿನಲ್ಲಿರುವವರಿಗೆ ಇದಕ್ಕಿಂತ ಬೇಕೇ? ಮಾರಬಹುದಾದದ್ದು ಏನು ಅಂತ ಬೇಗ ಅರ್ಥ ಮಾಡಿಕೊಂಡವರಲ್ಲಿ ಇವರೂ ಒಬ್ಬರು.

ಇಲಿನಾಯ್‌ನ ಬಾಬ್ ಬ್ಲೆಡ್‌ಸಾ ಇನ್ನೊಬ್ಬರು. ಸಿದ್ಧವಾದ ಊರು, ನಕ್ಷೆ, ನೆಲಮಾಳಿಗೆಗಳನ್ನು ಮಾರೋಣ ಅಂತ 1976ರಲ್ಲಿ ಟಿಎಸ್‌ಆರ್ ಹತ್ತಿರ ಹೋದರು. ಅವರಿಗೆ ನಂಬಿಕೆ ಬರಲಿಲ್ಲ. ಆಡಿಸುವವರು ತಾವೇ ಕಟ್ಟಿಕೊಳ್ಳುತ್ತಾರಲ್ಲ, ಇನ್ನೊಬ್ಬರದ್ದನ್ನು ಯಾಕೆ ಕೊಳ್ಳುತ್ತಾರೆ? ಸಿದ್ಧಾಂತ ಸರಿ. ಆದರೆ ದಿನವಿಡೀ ದುಡಿದು ಬಂದವರಿಗೆ ಪ್ರತಿ ವಾರ ಹೊಸ ಊರು ಕಟ್ಟುವಷ್ಟು ಪುರುಸೊತ್ತು ಇರುವುದಿಲ್ಲ. ಇದನ್ನು ನಾನು ಬಲ್ಲೆ! ಬ್ಲೆಡ್‌ಸಾ ಅವರ ಜಡ್ಜಸ್ ಗಿಲ್ಡ್ ಚೆನ್ನಾಗಿ ನಡೆಯಿತು. 1978ರಿಂದ ಟಿಎಸ್‌ಆರ್ ಕೂಡ ಅಂಥ ಸಾಹಸಗಳನ್ನು ಬಿಡಿಬಿಡಿಯಾಗಿ ಅಚ್ಚು ಹಾಕತೊಡಗಿತು.

ಪೂರ್ತಿ ಒಂದು ಲೋಕವನ್ನೇ ಕಟ್ಟಿಕೊಟ್ಟವರೂ ಇದ್ದರು. ಮಿನ್ನೆಸೋಟಾ ವಿಶ್ವವಿದ್ಯಾಲಯದಲ್ಲಿ ಉರ್ದು ಮತ್ತು ದಕ್ಷಿಣ ಏಷ್ಯಾದ ಅಧ್ಯಯನದ ಪ್ರಾಧ್ಯಾಪಕರಾಗಿದ್ದ ಎಂ.ಎ.ಆರ್. ಬಾರ್ಕರ್ ಅವರ ಎಂಪೈರ್ ಆಫ್ ದಿ ಪೆಟಲ್ ಥ್ರೋನ್ 1975ರಲ್ಲಿ ಬಂತು. ಅದಕ್ಕೆ ತನ್ನದೇ ಭಾಷೆ, ಲಿಪಿ, ದೇವರುಗಳು. ಬೆಲೆ 25 ಡಾಲರ್, ಆ ಕಾಲಕ್ಕೆ ವಿಪರೀತ. ಇದೇ ಬಾರ್ಕರ್ ಬೇರೆ ಹೆಸರಿನಲ್ಲಿ ನಾಜಿ ಪರವಾದ ಕಾದಂಬರಿ ಬರೆದಿದ್ದರು ಅಂತ 2022ರಲ್ಲಿ ಅವರ ಆಟದ ಪ್ರತಿಷ್ಠಾನವೇ ಒಪ್ಪಿಕೊಂಡಿತು. ಅಲ್ಲಿಂದ ಈಚೆಗೆ ಆ ಆಟವನ್ನು ಯಾರಿಗೂ ಆಡಿ ಅಂತ ಹೇಳುವ ಮನಸ್ಸಾಗಿಲ್ಲ.

ಲೇಕ್ ಜಿನೀವಾಕ್ಕೆ ವಾಪಸ್ ಬರೋಣ. 1975ರ ಜನವರಿಯಲ್ಲಿ ಡಾನ್ ಕೇ ಹೃದಯಾಘಾತದಿಂದ ತೀರಿಕೊಂಡರು. ಇನ್ನೂ 36 ವರ್ಷ. ಅವರ ಪಾಲನ್ನು ಕೊಳ್ಳುವಷ್ಟು ದುಡ್ಡು ಗೈಗ್ಯಾಕ್ಸ್ ಹತ್ತಿರ ಇರಲಿಲ್ಲ. ಬ್ಲೂಮ್ ಮನೆಯವರ ಹತ್ತಿರ ಇತ್ತು. ಕಂಪನಿ ಹೊಸ ರೂಪಕ್ಕೆ ಬಂದಾಗ ಹೆಚ್ಚಿನ ಷೇರು ಬ್ಲೂಮ್ ಕುಟುಂಬದ ಕೈಗೆ ಹೋಯಿತು. ಆಟ ಬರೆದವರು ಕಂಪನಿಯ ಮುಖವಾಗಿ ಉಳಿದರು, ಹಿಡಿತ ಮಾತ್ರ ಇರಲಿಲ್ಲ. 1985ರಲ್ಲಿ ಅವರನ್ನು ಹೊರಗೆ ಹಾಕಿದ್ದರ ಬೀಜ ಬಿದ್ದದ್ದು ಇಲ್ಲಿ ಅಂತ ನನಗನ್ನಿಸುತ್ತದೆ.

ಬೆಳೆದ ಮೇಲೆ ತೊಂದರೆಗಳೂ ದೊಡ್ಡವಾದವು. 1977ರಲ್ಲಿ, ಲಾರ್ಡ್ ಆಫ್ ದಿ ರಿಂಗ್ಸ್ ಬರೆದ ಟೋಲ್ಕಿನ್ ಕಥೆಗಳ ವ್ಯಾಪಾರದ ಹಕ್ಕು ಇದ್ದವರು ತಕರಾರು ತೆಗೆದರು. ಆ ಕಥೆಗಳಿಂದ ಆಟಕ್ಕೆ ಬಂದಿದ್ದ ಗಿಡ್ಡ ಜನ ಹಾಬಿಟ್‌ಗಳು ಹಾಫ್ಲಿಂಗ್‌ಗಳಾದವು, ನಡೆದಾಡುವ ಮರವಾದ ಎಂಟ್ ಟ್ರಿಯಂಟ್ ಆಯಿತು. 1979ರಲ್ಲಿ ದಾಳವೇ ಸಾಕಷ್ಟು ಸಿಗದೆ ಹೋಯಿತು. ಆಗ ಹೊಸಬರ ಡಬ್ಬಿಯಲ್ಲಿ ದಾಳದ ಬದಲು ನಂಬರ್ ಅಚ್ಚಾದ ರಟ್ಟಿನ ಚೀಟಿಗಳನ್ನು ಇಟ್ಟರು. ಬಟ್ಟಲಿಗೆ ಹಾಕಿ ಕುಲುಕಿ ಒಂದು ಎತ್ತಿಕೊಳ್ಳಿ ಅಂದರು.

ಅಷ್ಟರಲ್ಲಿ ಗೈಗ್ಯಾಕ್ಸ್ ಧಾಟಿಯೂ ಬದಲಾಗಿತ್ತು. 1977ರಿಂದ 1979ರವರೆಗೆ ಅಡ್ವಾನ್ಸ್ಡ್ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಹೆಸರಿನಲ್ಲಿ ಮೂರು ದಪ್ಪ ಪುಸ್ತಕ ಬಂದವು. ಎಲ್ಲ ಕಡೆ ಒಂದೇ ನಿಯಮ ಇರಬೇಕು, ಕಂಪನಿ ಹೇಳಿದ್ದೇ ಅಧಿಕೃತ ಅಂತ ವಾದಿಸತೊಡಗಿದರು. ನೀವೇ ಮಾಡಿಕೊಳ್ಳಿ ಅಂದಿದ್ದವರು ಇವರೇನಾ ಅನ್ನಿಸುತ್ತದೆ. ಆದರೆ ನನಗೆ ಅವರ ಮೇಲೆ ಪೂರ್ತಿ ಸಿಟ್ಟು ಬರುವುದಿಲ್ಲ. ಸ್ಪರ್ಧೆ ನಡೆಸುವಾಗ ಒಂದೊಂದು ಊರಿನವರು ಒಂದೊಂದು ಥರ ಆಡಿದರೆ ಕಷ್ಟ. ಜೊತೆಗೆ, ನಿಯಮಕ್ಕೆ ಅಧಿಕೃತ ಅನ್ನುವ ಮುದ್ರೆ ಇಲ್ಲದಿದ್ದರೆ ಪುಸ್ತಕ ಮಾರುವುದು ಹೇಗೆ? ಹೊಸ ಹೆಸರಿನ ಆಟವಾದ್ದರಿಂದ ಆರ್ನೆಸನ್‌ಗೆ ರಾಯಲ್ಟಿ ಕೊಡಬೇಕಿಲ್ಲ ಅಂತ ಕಂಪನಿ ಹೇಳಿದ್ದು ಮಾತ್ರ ನನಗೆ ಹಿಡಿಸುವುದಿಲ್ಲ. ಆರ್ನೆಸನ್ 1979ರಲ್ಲಿ ಕೋರ್ಟಿಗೆ ಹೋದರು, 1981ರಲ್ಲಿ ರಾಜಿಯಾಯಿತು.

ಹಾಗಾದರೆ ಅವರು ಮಾರಿದ್ದು ಏನನ್ನ? ನನ್ನ ಉತ್ತರ: ಮೊದಲು ಐಡಿಯಾ ಮಾರಿದರು, ಅದು ಒಂದು ಸಲ ಕೈ ಬಿಟ್ಟರೆ ಮುಗಿಯಿತು. ಆಮೇಲೆ ಪುರುಸೊತ್ತು ಮಾರಿದರು, ಅಂದರೆ ನೀವು ಕೂತು ಮಾಡಬೇಕಿದ್ದ ಕೆಲಸವನ್ನು ಮಾಡಿ ಕೊಟ್ಟರು. ಕೊನೆಗೆ ಅಧಿಕಾರ ಮಾರಲು ಹೊರಟರು. ಅಲ್ಲೇ ಆಡುವವರಿಗೂ ಅವರಿಗೂ ತಿಕ್ಕಾಟ. ಟಿಎಸ್‌ಆರ್ ಸಾಲದಲ್ಲಿ ಮುಳುಗಿ 1997ರಲ್ಲಿ ವಿಜರ್ಡ್ಸ್ ಆಫ್ ದಿ ಕೋಸ್ಟ್ ಎಂಬ ಇನ್ನೊಂದು ಆಟದ ಕಂಪನಿಯ ಕೈಗೆ ಹೋಯಿತು, ತಿಕ್ಕಾಟ ಮಾತ್ರ ನಿಲ್ಲಲಿಲ್ಲ. 2023ರ ಜನವರಿಯಲ್ಲಿ ಹೊಸ ಮಾಲೀಕರು ಬೇರೆಯವರು ಆಟಕ್ಕೆ ಬರೆಯುವ ಪರವಾನಗಿಯನ್ನು ಬಿಗಿ ಮಾಡಲು ಹೋದರು. ಆಡುವವರು ರೇಗಿಬಿದ್ದರು. ಅದೇ ತಿಂಗಳು ಕಂಪನಿ ಹಿಂದೆ ಸರಿಯಿತು, ಮೂಲ ನಿಯಮಗಳನ್ನು ಕ್ರಿಯೇಟಿವ್ ಕಾಮನ್ಸ್ ಎಂಬ ಮುಕ್ತ ಪರವಾನಗಿಯ ಅಡಿಯಲ್ಲಿ ಬಿಟ್ಟುಕೊಟ್ಟಿತು. ಅವು ಈಗ ಪುಕ್ಕಟೆಯಾಗಿ ಸಿಗುತ್ತವೆ. ಕನ್ನಡಕ್ಕೆ ಅನುವಾದ ಮಾಡಿ ಮಾರಿದರೂ ಯಾರೂ ಕೇಳುವ ಹಾಗಿಲ್ಲ, ಮೂಲ ಯಾರದ್ದು ಅಂತ ಹೆಸರು ಹಾಕಿದರೆ ಸಾಕು.