ಉದ್ದದ ಮೇಣದಬತ್ತಿ ಮೊದಲು ಆರಿತು!

ಬೆಂಕಿಯಿಂದ ಪಾರಾಗುವ ಪಾಠದಲ್ಲಿ ಮೂರು ಶನಿವಾರ ಸತಾಯಿಸಿದ ಪ್ರಯೋಗ ಇವತ್ತು ಸರಿಹೋಯಿತು.

ಬೆಂಕಿ ತ್ರಿಕೋನ (ಉರಿಯಲು ಬೇಕಾದ ಶಾಖ, ಇಂಧನ, ಆಮ್ಲಜನಕ), ಬಾಣಲೆಯ ಎಣ್ಣೆ ಹೊತ್ತಿಕೊಂಡರೆ ನೀರಲ್ಲ ಮುಚ್ಚಳ, ಬಟ್ಟೆಗೆ ಕಿಡಿ ತಗುಲಿದರೆ ಓಡದೆ ನೆಲಕ್ಕೆ ಬಿದ್ದು ಉರುಳುವುದು, ಇಷ್ಟೂ ಆರನೇ ಕ್ಲಾಸಿನ ಮಕ್ಕಳಿಗೆ ಸಲೀಸಾಗಿ ಹಿಡಿಸಿದೆ. ಹೊಗೆ ತುಂಬಿದ ಕೋಣೆಯಿಂದ ತೆವಳಿಕೊಂಡೇ ಯಾಕೆ ಬರಬೇಕು ಅಂತ ತೋರಿಸುವಾಗಲೇ ಗಾಡಿ ನಿಂತಿದ್ದು. 5, 10, 15 ಸೆಂ.ಮೀ. ಬತ್ತಿಗಳ ಮೇಲೆ ಗಾಜಿನ ಭರಣಿ ಬೋರಲು ಹಾಕಿದರೆ ಉರಿಯಿಂದ ಬರುವ ಬಿಸಿ ಇಂಗಾಲದ ಡೈಆಕ್ಸೈಡ್ ಮೇಲೆ ಸೇರಿ ಉದ್ದದ್ದು ಮೊದಲು ಆರಬೇಕು.

ಮೊದಲ ವಾರ ಯಾವುದೂ ಆರಲೇ ಇಲ್ಲ. ಲ್ಯಾಬಿನ ಗಾಜು ಅಂತ ದುಪ್ಪಟ್ಟು ದುಡ್ಡು ಇಸಕೊಂಡ ಅಂಗಡಿಯವರು ಕೊಟ್ಟಿದ್ದು ಸೊಟ್ಟ ಬಾಯಿಯ ಭರಣಿ! ಸಂದಿಗೆ ಚಪಾತಿ ಹಿಟ್ಟು ಮೆತ್ತಿದೆ. ಆಮೇಲೆ ಎರಡು ವಾರವೂ ಗಿಡ್ಡದ್ದೇ ಮೊದಲು ಆರಿತು. ಒಬ್ಬ ಹುಡುಗಿ ಕಂಡದ್ದನ್ನು ಕಂಡ ಹಾಗೆ ಬರೆದಿದ್ದಳು: ‘ಬೆಂಕಿ ಬಿದ್ದರೆ ನಿಂತೇ ಓಡಬೇಕು.’ ಅದನ್ನು ಓದಿ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಮೊನ್ನೆ ಮನೆಯಲ್ಲಿ ಭರಣಿ ಕೂರಿಸುವ ತಟ್ಟೆಗೆ ಕಣ್ಣಿಟ್ಟು ಕೂತೆ. ಹಿಟ್ಟಿನ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಗುಳ್ಳೆಗಳು, ಒಂದೊಂದೇ ಒಡೆಯುತ್ತಿದ್ದವು. ಮುಂಚಿನ ಪ್ರಯೋಗದ ಅಡುಗೆ ಸೋಡಾ, ವಿನೆಗರ್ ಅದೇ ತಟ್ಟೆಯಲ್ಲಿ ಉಳಿದಿತ್ತು! ಎರಡೂ ಸೇರಿದರೆ ಹೊರಡುವ ತಣ್ಣನೆಯ ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ತಳದಲ್ಲೇ ನಿಂತು ಗಿಡ್ಡ ಬತ್ತಿಯನ್ನು ನುಂಗಿತ್ತು.

ಇವತ್ತು ಒಣ ತಟ್ಟೆ. 22ನೇ ಸೆಕೆಂಡಿಗೆ ಉದ್ದದ್ದು, 31ಕ್ಕೆ ನಡುವಿನದು, 38ಕ್ಕೆ ಗಿಡ್ಡದ್ದು. ನಾಲ್ಕು ಸಲವೂ ಅದೇ ಸರದಿ. ಆ ಹಾಳು ತಟ್ಟೆಯನ್ನೂ ಪಕ್ಕದಲ್ಲಿಟ್ಟು ತೋರಿಸಿದೆ: ಅದೇ ಅನಿಲ, ಬಿಸಿಯಾದರೆ ಮೇಲಕ್ಕೆ, ತಣ್ಣಗಿದ್ದರೆ ಕೆಳಕ್ಕೆ. ಹುಡುಗಿ ತನ್ನ ಸಾಲು ಹೊಡೆದು ಹಾಕಿದಳು.

ಮುಂದಿನ ಸಲಕ್ಕೆ ಟೀ ಸೋಸುವ ಸ್ಟೀಲ್ ಜಾಲರಿ ಎತ್ತಿಟ್ಟಿದ್ದೆ. ಜ್ವಾಲೆಯ ನಡುವೆ ಹಿಡಿದರೆ ಜಾಲರಿ ಶಾಖ ಹೀರಿಕೊಂಡು ಬೆಂಕಿ ಕೆಳಗೇ ನಿಲ್ಲುತ್ತದೆ. 1815ರಲ್ಲಿ ವಿಜ್ಞಾನಿ ಹಂಫ್ರಿ ಡೇವಿ ಗಣಿ ದೀಪಕ್ಕೆ ಬಳಸಿದ್ದು ಇದೇ ಉಪಾಯ. ಆದರೆ ಅದಿನ್ನು ಕಾಯಬೇಕು, ಯಾಕೆಂದರೆ ಹೊರಡುವಾಗ ಹುಡುಗಿ ಕೇಳಿದಳು: “ಹಾಗಾದ್ರೆ ಹೊಗೆ ತಣ್ಣಗಾದ್ರೆ ಕೆಳಗೆ ಬರಲ್ವಾ ಸರ್?”

ಬರುತ್ತದೆ ಮಗಳೇ, ಅದಕ್ಕೇ ಬೇಗ ಹೊರಬರಬೇಕು ಅಂದೆ. ಮಾತಲ್ಲಿ ಹೇಳಿದರೆ ಸಾಲದು. ಎರಡು ಶೂ ಡಬ್ಬಿ, ಊದುಬತ್ತಿ, ಒಂದು ಗೋಡೆಗೆ ಐಸ್ ಪೊಟ್ಟಣ. ಇವತ್ತೇ ಕತ್ತರಿ ಹಿಡಿದಿದ್ದೇನೆ.