ಹೊಳೆ ನೀರಲ್ಲಿ ಕಾರ್ಬನ್ ಎಲ್ಲಿಂದ ಬಂತು?

ಕಂಪ್ಲಿ ಸೇತುವೆ ಹತ್ತಿರ ತುಂಗಭದ್ರೆಯ ನೀರನ್ನು ಬಾಟಲಿಗೆ ತುಂಬಿಸುತ್ತಾ ನಿಂತರೆ ಯಾರಾದರೂ ಬಂದು ಮಾತಾಡಿಸೇ ಮಾತಾಡಿಸುತ್ತಾರೆ. ಕಾರ್ಬನ್ ಅಳೆಯುತ್ತೇನೆ ಅಂದರೆ ಮುಂದಿನ ಪ್ರಶ್ನೆ ಒಂದೇ: "ಅಲ್ರೀ ಸರ, ಕಾರ್ಬನ್ ಅಂದ್ರ ಗಾಡಿ ಹೊಗಿ ಅಲ್ಲೇನ್ರಿ? ನೀರಾಗ ಎಲ್ಲಿಂದ ಬಂತು?" ದಂಡೆಯಲ್ಲಿ ನಿಂತು ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ಬಿಡಿಸಿ ಬರೆಯುತ್ತೇನೆ.

ಹೊಗೆಯಲ್ಲಿರುವ ಕಾರ್ಬನ್ನೇ ಎಲೆಯಲ್ಲಿದೆ, ಸಗಣಿಯಲ್ಲಿದೆ, ಹೊಲದ ಮೇಲ್ಮಣ್ಣಿನಲ್ಲಿದೆ. ಮಳೆಗಾಲದಲ್ಲಿ ಪಶ್ಚಿಮಘಟ್ಟದ ಕೊಳೆತ ಎಲೆ, ದಾರಿಯ ಹೊಲಗಳ ಮಣ್ಣು ಎಲ್ಲ ಕೊಚ್ಚಿಕೊಂಡು ಬರುತ್ತದೆ. ಆಗಸ್ಟಿನಲ್ಲಿ ತುಂಗಭದ್ರಾ ಡ್ಯಾಮಿನ ಮೇಲ್ಗಡೆ, ಹಡಗಲಿ ಕಡೆ, ಒಂದು ಲೀಟರ್ ನೀರು ಸೋಸಿ ನೋಡಿ. ಬಿಳಿ ಫಿಲ್ಟರ್ ಕಾಗದದ ಮೇಲೆ ಕೆಂಪು ಕೆಸರು ದಪ್ಪಗೆ ಕೂರುತ್ತದೆ. ಡ್ಯಾಮ್ ದಾಟಿ ಮುನಿರಾಬಾದಿನ ಕೆಳಗೆ ಸೋಸಿದರೆ ತೆಳು ಕಲೆ ಅಷ್ಟೇ. ನಡುವಿನದು ಡ್ಯಾಮಿನ ಹೊಟ್ಟೆ ಸೇರಿದೆ.

1953ರಲ್ಲಿ ನೀರು ನಿಲ್ಲಿಸಲು ಶುರು ಮಾಡಿದಾಗ ಇದರಲ್ಲಿ 133 ಟಿಎಂಸಿ ಹಿಡಿಯುತ್ತಿತ್ತು. ಈಗ ಸುಮಾರು 105. ಹೂಳು ಅಂದರೆ ನಮಗೆ ನೀರು ಹೋಯಿತು ಅನ್ನುವ ಸಂಕಟ, ಅದು ನಿಜವೇ. ಆದರೆ ಆ ಹೂಳಿನಲ್ಲಿ ಎಪ್ಪತ್ತು ವರ್ಷದ ಎಲೆ, ಗೊಬ್ಬರ, ಬೇರು ಸೇರಿದೆ. ಒಂದಷ್ಟು ಕಾರ್ಬನ್ ಅಲ್ಲೇ ಹೂತು ಉಳಿಯುತ್ತದೆ. ಇನ್ನೊಂದಷ್ಟು ಗಾಳಿಯಾಡದ ಕೆಸರಲ್ಲಿ ಕೊಳೆತು ಮೀಥೇನ್ ಆಗುತ್ತದೆ. 100 ವರ್ಷದ ಲೆಕ್ಕದಲ್ಲಿ ಅದು ಅಷ್ಟೇ ತೂಕದ ಕಾರ್ಬನ್ ಡೈಆಕ್ಸೈಡಿಗಿಂತ ಸುಮಾರು 27 ಪಟ್ಟು ಜಾಸ್ತಿ ಭೂಮಿಯನ್ನು ಬಿಸಿ ಮಾಡುತ್ತದೆ.

ಅದನ್ನು ನೋಡಲು ಡ್ಯಾಮಿಗೇ ಹೋಗಬೇಕಿಲ್ಲ. ಗಂಗಾವತಿ, ಕಾರಟಗಿ, ಸಿಂಧನೂರಿನ ಯಾವುದಾದರೂ ಭತ್ತದ ಗದ್ದೆಗೆ ಇಳಿಯಿರಿ. ಕಾಲಿಟ್ಟ ಕಡೆ ಬುಳುಬುಳು ಗುಳ್ಳೆ ಏಳುತ್ತವಲ್ಲ, ಅದರಲ್ಲಿ ಮೀಥೇನ್ ಇರುತ್ತದೆ. ನೀರು ಸದಾ ನಿಲ್ಲಿಸದೆ ನಡುವೆ ಒಂದೆರಡು ಸಲ ಗದ್ದೆ ಒಣಗಲು ಬಿಟ್ಟರೆ ಇದು ಬಹಳ ಕಡಿಮೆಯಾಗುತ್ತದೆ. ಕಾಲುವೆಯ ಕೊನೆಯಲ್ಲಿ ನೀರಿಗೆ ಕಾಯುವ ರಾಯಚೂರು ಕಡೆಯ ರೈತರನ್ನು ನೆನೆದರೆ, ಬರೀ ಹವಾಮಾನಕ್ಕಾಗಿ ಅಲ್ಲ, ನ್ಯಾಯಕ್ಕಾಗಿಯೂ ಇದನ್ನು ಮಾಡಬೇಕು ಅಂತ ನನಗನಿಸುತ್ತದೆ.

ಇಷ್ಟೂ ಕಣ್ಣಿಗೆ ಕಾಣುವ ಕೆಸರಿನ ಕಥೆ. ಕಾಣದೆ ಬರುವ ಕಾರ್ಬನ್ ಬೇರೆಯೇ ಇದೆ. ಬೇರು, ಹುಳು, ಸೂಕ್ಷ್ಮಜೀವಿ ಎಲ್ಲ ಮಣ್ಣಿನೊಳಗೇ ಉಸಿರಾಗಿ ಕಾರ್ಬನ್ ಡೈಆಕ್ಸೈಡ್ ಬಿಡುತ್ತವೆ. ಅಲ್ಲಿಗೆ ಇಳಿದ ಮಳೆ ನೀರು ಆ ಉಸಿರನ್ನು ಹೀರಿ ಸೋಡಾ ನೀರಿನ ಹಾಗೆ ತುಸು ಹುಳಿಯಾಗುತ್ತದೆ. ಒರತೆಯಾಗಿ ಹಳ್ಳಕ್ಕೆ ಬಂದ ಕೂಡಲೇ ಗ್ಯಾಸ್ ಮತ್ತೆ ಗಾಳಿಗೆ ಹಾರುತ್ತದೆ. ನೀರೊಳಗೆ ಕೊಳೆಯುವ ಎಲೆಯದೂ ಹಾಗೇ. ಅಂದರೆ ಹೊಳೆ ಬರೀ ಸಮುದ್ರಕ್ಕೆ ಸಾಮಾನು ಸಾಗಿಸುವ ಲಾರಿ ಅಲ್ಲ, ದಾರಿಯುದ್ದಕ್ಕೂ ಉಸಿರಾಡುತ್ತದೆ. ಅಮೆಜಾನ್ ನದಿ ಮತ್ತು ಅದರ ಜೌಗು ನೆಲದಿಂದ ಗಾಳಿಗೆ ಹೋಗುವ ಕಾರ್ಬನ್, ಆ ನದಿ ಸಮುದ್ರಕ್ಕೆ ಒಯ್ಯುವ ಸಾವಯವ ಕಾರ್ಬನ್ನಿನ ಹತ್ತು ಪಟ್ಟಿಗೂ ಹೆಚ್ಚು ಅಂತ 2002ರಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಿದರು. ಅಲ್ಲಿ ತಿಂಗಳುಗಟ್ಟಲೆ ಮುಳುಗಿರುವ ಕಾಡು ಇದೆ, ನಮ್ಮಲ್ಲಿ ಇಲ್ಲ. ಆ ಅಂಕಿಯನ್ನು ಸುಮ್ನೆ ತುಂಗಭದ್ರೆಗೆ ಹಚ್ಚಬಾರದು.

ಹುಳಿ ನೀರು ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಕಲ್ಲನ್ನು, ಸುಣ್ಣವನ್ನು ನಿಧಾನಕ್ಕೆ ಕರಗಿಸುತ್ತದೆ. ಕರಗಿದ್ದು ಬೈಕಾರ್ಬೊನೇಟ್ ಅನ್ನುವ, ಕಾರ್ಬನ್ ಇರುವ ಲವಣವಾಗಿ ನೀರಿನ ಜೊತೆ ಹೊರಡುತ್ತದೆ. ಬೋರಿನ ನೀರು ಕಾಯಿಸಿದ ಪಾತ್ರೆಯ ತಳಕ್ಕೆ ಬಿಳಿ ಪದರ ಕಟ್ಟುತ್ತದಲ್ಲ, ಅದು ಇದರಿಂದಲೇ. ನಮ್ಮಂಥ ಒಣ ಸೀಮೆಯಲ್ಲಿ ನೀರು ಆವಿಯಾಗಿ ಎರೆ ಹೊಲದಲ್ಲೇ ಸುಣ್ಣದ ಹರಳು ಕಟ್ಟುತ್ತದೆ. ಒಂದನ್ನು ಹೆಕ್ಕಿ ಮಣ್ಣು ಒರೆಸಿ, ಮೇಲೆ ನಿಂಬೆ ರಸ ಹಿಂಡಿ. ಸಣ್ಣಗೆ ನೊರೆ ಬರುತ್ತದೆ. ಯಾವುದೋ ಕಾಲದ ಬೇರಿನ ಉಸಿರೂ ಆ ನೊರೆಯಲ್ಲಿ ಇರಬಹುದು.

ಇದನ್ನು ಸೇತುವೆ ಹತ್ತಿರ ಕುರಿ ಕಾಯುವ ಹಿರಿಯರೊಬ್ಬರಿಗೆ ಹೇಳಿದ್ದೆ. ಮುಂದಿನ ಸಲ ಹೋದಾಗ ಅವರು ಅಂಗಿ ಕಿಸೆಯಿಂದ ಐದಾರು ಹರಳು ತೆಗೆದು ನನ್ನ ಕೈಗಿಟ್ಟರು. "ನೊರಿ ಬಂತ್ರಿ ಸರ. ಇದ್ರಾಗ ಕಾರ್ಬನ್ ಎಷ್ಟ್ ಐತ್ರಿ?"

100 ಗ್ರಾಂ ಶುದ್ಧ ಸುಣ್ಣಕಲ್ಲಲ್ಲಿ 12 ಗ್ರಾಂ, ಅಜ್ಜಾ. ನಿಮ್ಮ ಹರಳಲ್ಲಿ ಮಣ್ಣೂ ಸೇರಿದೆ, ತೂಗಿ ನೋಡಿ ಹೇಳುತ್ತೇನೆ ಅಂದೆ.